ಕೊಳಚೆಯಿಂದ ಮರಳಿ ಬರುವ ರಂಜಕ

ಗ್ಯಾಸ್ ಒಲೆಗೆ ಲೈಟರ್ ಬಂದ ಮೇಲೂ ಬೆಂಕಿಪೆಟ್ಟಿಗೆ ಇಲ್ಲದ ಅಡುಗೆಮನೆ ಇಲ್ಲ. ಆ ಪೆಟ್ಟಿಗೆಯ ಬದಿಯಲ್ಲಿ ಕಡ್ಡಿ ಗೀರುವ ಕಂದು ಪಟ್ಟಿ ಇದೆಯಲ್ಲ, ಅದರಲ್ಲಿರುವುದು ಕೆಂಪು ರಂಜಕ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಹೆಸರು ನೆನಪಿರಬಹುದು. ನಿಮ್ಮ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಅದನ್ನೇ ಫಾಸ್ಫರಸ್ ಎಂದು ಓದುತ್ತಾರೆ. ಕೃಷಿ ಕುಟುಂಬದ ಸಹೋದರಿಯರಿಗಂತೂ ಇದು ಹೊಸದಲ್ಲ. ಗೊಬ್ಬರದ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಂದು ಸಾಲಾಗಿ ಬರೆದಿರುವ ಮೂರರಲ್ಲಿ ನಡುವಿನದು ಅದೇ.

ನಮ್ಮ ನಿಮ್ಮ ದೇಹದಲ್ಲಿಯೂ ಸುಮಾರು 700 ಗ್ರಾಂ ರಂಜಕವಿದೆ. ಅದರ ಬಹುಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ, ಉಳಿದದ್ದು ಪ್ರತಿಯೊಂದು ಜೀವಕೋಶದಲ್ಲಿಯೂ ಇದೆ. ಬೆಳೆಯುವ ಮಕ್ಕಳನ್ನು ಬಿಟ್ಟರೆ ನಾವು ದಿನವೂ ರಾಗಿ, ಬೇಳೆ, ಮೀನು, ಹಾಲಿನ ಮೂಲಕ ತಿನ್ನುವ ರಂಜಕ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹೊರಗೆ ಹೋಗುತ್ತದೆ. ಹೆಚ್ಚಿನ ಪಾಲು ಮೂತ್ರದಲ್ಲಿ, ಉಳಿದದ್ದು ಮಲದಲ್ಲಿ. ಭಾರತೀಯ ಆಹಾರ ತಿನ್ನುವ ಒಬ್ಬ ವ್ಯಕ್ತಿಯ ಲೆಕ್ಕ ವರ್ಷಕ್ಕೆ ಸುಮಾರು 400 ಗ್ರಾಂ ಎನ್ನುತ್ತಾರೆ ತಜ್ಞರು. ಐದು ಜನರ ಮನೆಯೊಂದರಿಂದ 2 ಕಿಲೋ. ಐವತ್ತು ಕಿಲೋದ ಒಂದು ಡಿಎಪಿ ಚೀಲದಲ್ಲಿರುವ ಶುದ್ಧ ರಂಜಕ ಸುಮಾರು 10 ಕಿಲೋ. ಅಂದರೆ ನಿಮ್ಮ ಮನೆ ಮತ್ತು ಅಕ್ಕಪಕ್ಕದ ನಾಲ್ಕು ಮನೆಗಳು ಸೇರಿ ವರ್ಷಕ್ಕೊಂದು ಚೀಲ ಡಿಎಪಿಯಷ್ಟು ರಂಜಕವನ್ನು ಶೌಚಾಲಯದ ನೀರಿನೊಂದಿಗೆ ಕಳಿಸಿಬಿಡುತ್ತವೆ. ಬೆಂಗಳೂರಿನಲ್ಲಿ ಒಂದು ಕೋಟಿ ಜನರೆಂದು ಹಿಡಿದರೂ ಅದು ವರ್ಷಕ್ಕೆ ನಾಲ್ಕು ಲಕ್ಷ ಚೀಲಗಳಷ್ಟಾಗುತ್ತದೆ.

ಹೋದರೆ ಹೋಗಲಿ, ಕಾರ್ಖಾನೆಯಲ್ಲಿ ಮತ್ತೆ ತಯಾರಿಸಿದರಾಯಿತು ಎನ್ನುತ್ತೀರಾ? ಸಾರಜನಕದ ವಿಷಯದಲ್ಲಿ ಈ ಮಾತು ನಡೆಯುತ್ತದೆ. ಅದು ಗಾಳಿಯಲ್ಲಿ ಧಾರಾಳವಾಗಿದೆ, ಯೂರಿಯಾ ಕಾರ್ಖಾನೆಗಳು ಅದನ್ನು ಗಾಳಿಯಿಂದಲೇ ಹಿಡಿಯುತ್ತವೆ. ರಂಜಕದ ವಿಷಯದಲ್ಲಿ ಇದು ಸಾಧ್ಯವಿಲ್ಲ. ಅದು ಗಾಳಿಯಲ್ಲಿಲ್ಲ, ಅದಕ್ಕೆ ಬದಲಿಯೂ ಇಲ್ಲ. ನೆಲದಡಿಯ ಶಿಲಾರಂಜಕವನ್ನು ಅಗೆದು ತರಬೇಕು. ಜಗತ್ತಿನಲ್ಲಿ ಉಳಿದಿರುವ ಆ ನಿಕ್ಷೇಪದಲ್ಲಿ ಹತ್ತರಲ್ಲಿ ಏಳು ಪಾಲಿನಷ್ಟು ಮೊರೊಕ್ಕೊ ಮತ್ತು ಪಶ್ಚಿಮ ಸಹರಾದ ನೆಲದಲ್ಲಿದೆ. ನಮ್ಮ ದೇಶದಲ್ಲಿ ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರಾ ಎಂಬಲ್ಲಿ ಗಣಿಯಿದೆ, ಇನ್ನೂ ಕೆಲವೆಡೆ ಸ್ವಲ್ಪ ಸಿಗುತ್ತದೆ. ಅದು ನಮ್ಮ ಹೊಲಗಳಿಗೆ ಏನೇನೂ ಸಾಲದು. ಕಲ್ಲಿನ ರೂಪದಲ್ಲೋ, ಆಮ್ಲದ ರೂಪದಲ್ಲೋ, ತಯಾರಾದ ಡಿಎಪಿಯ ರೂಪದಲ್ಲೋ ಹೊರದೇಶದಿಂದಲೇ ಬರಬೇಕು. ಮಂಗಳೂರಿನ ಪಣಂಬೂರಿನಲ್ಲಿರುವ ಗೊಬ್ಬರದ ಕಾರ್ಖಾನೆಯೂ ಡಿಎಪಿ ಮಾಡುವುದು ಹಡಗಿನಲ್ಲಿ ಬಂದ ಫಾಸ್ಫಾರಿಕ್ ಆಮ್ಲದಿಂದ.

ಹ್ಯಾಂಬರ್ಗ್ ನಗರದ ಕತೆ

ಕೊಳಚೆಯಿಂದ ರಂಜಕವನ್ನು ಮರಳಿ ಪಡೆಯುವ ಮಾತು ಬಂದಾಗ ಜರ್ಮನಿಯ ಬಂದರು ನಗರ ಹ್ಯಾಂಬರ್ಗ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಕಾರಣವೂ ಇದೆ.

1669ರಲ್ಲಿ ಆ ನಗರದ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನ ಮಾಡುವ ಹುಚ್ಚಿನಲ್ಲಿ ಕೊಡಗಟ್ಟಲೆ ಮೂತ್ರವನ್ನು ಸಂಗ್ರಹಿಸಿ, ಕೊಳೆಯಿಸಿ, ಕುದಿಸಿ, ಉಳಿದ ಗಷ್ಟನ್ನು ಕೆಂಪಗೆ ಕಾಯಿಸಿದ. ಬಣ್ಣ ಹಳದಿ, ಹಾಗಾಗಿ ಒಳಗೆ ಚಿನ್ನ ಇರಲೇಬೇಕೆಂಬುದು ಆ ಕಾಲದ ತರ್ಕ! ಚಿನ್ನ ಸಿಗಲಿಲ್ಲ. ಕತ್ತಲಲ್ಲಿ ತಾನಾಗಿಯೇ ಮಿನುಗುವ ಮೇಣದಂತಹ ವಸ್ತುವೊಂದು ಸಿಕ್ಕಿತು. ಬೆಳಕನ್ನು ಹೊತ್ತು ತರುವುದು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಫಾಸ್ಫರಸ್ ಎಂದು ಹೆಸರಾಯಿತು. ಗಮನಿಸಿ, ಮನುಷ್ಯ ರಂಜಕವನ್ನು ಮೊದಲು ಕಂಡದ್ದು ಕಲ್ಲಿನಲ್ಲಿ ಅಲ್ಲ, ಮೂತ್ರದಲ್ಲಿ. ಅದೇ ವಸ್ತುವನ್ನು ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಬೆಂಕಿ ಬಾಂಬುಗಳಲ್ಲಿ ತುಂಬಿ ಇದೇ ನಗರದ ಮೇಲೆ ಸುರಿಯಲಾಯಿತು ಎಂಬುದು ಇನ್ನೊಂದು ಕತೆ.

1842ರಲ್ಲಿ ಹ್ಯಾಂಬರ್ಗ್‌ನಲ್ಲಿ ದೊಡ್ಡ ಬೆಂಕಿ ಅನಾಹುತವಾಯಿತು. ಸುಟ್ಟುಹೋದ ಚರ್ಚೊಂದರ ಜಾಗದಲ್ಲಿ ಹೊಸ ಅಡಿಪಾಯ ಅಗೆಯುತ್ತಿದ್ದಾಗ, ಶತಮಾನಗಳಿಂದ ಸಗಣಿ ಮತ್ತು ಹೊಲಸು ಸೇರಿದ್ದ ಮಣ್ಣಿನಲ್ಲಿ ಹೊಳೆಯುವ ಹರಳುಗಳು ಸಿಕ್ಕವು. 1845ರಲ್ಲಿ ಉಲೆಕ್ಸ್ ಎಂಬ ರಸಾಯನ ತಜ್ಞ ಅವುಗಳನ್ನು ಪರೀಕ್ಷಿಸಿ ಸ್ಟ್ರುವೈಟ್ ಎಂದು ಹೆಸರಿಟ್ಟ. ಮೆಗ್ನೀಸಿಯಂ, ಅಮೋನಿಯಾ ಮತ್ತು ರಂಜಕ ಕೂಡಿ ಆಗುವ ಹರಳು ಅದು. ಈ ಹೆಸರನ್ನು ನೀವು ಆಸ್ಪತ್ರೆಯ ಚೀಟಿಯಲ್ಲಿ ನೋಡಿರಲೂಬಹುದು. ಮೂತ್ರಕೋಶದ ಸೋಂಕು ಪದೇ ಪದೇ ಬಂದಾಗ ಕಿಡ್ನಿಯಲ್ಲಿ ಕಟ್ಟುವ ಒಂದು ಬಗೆಯ ಕಲ್ಲು ಇದೇ, ಮತ್ತು ಗಂಡಸರಿಗಿಂತ ಹೆಂಗಸರಲ್ಲೇ ಅದು ಹೆಚ್ಚು.

ದೇಹದ ಒಳಗೆ ಆಗುವುದು ನಗರದ ಕೊಳಚೆ ಶುದ್ಧೀಕರಣ ಘಟಕಗಳಲ್ಲಿಯೂ ಆಗತೊಡಗಿತು. ಅಮೆರಿಕದ ಲಾಸ್ ಏಂಜಲೀಸ್‌ನ ಘಟಕವೊಂದರಲ್ಲಿ 1960ರ ದಶಕದಲ್ಲಿ ಪೈಪುಗಳ ಒಳಗೆ ಕಲ್ಲಿನಂತಹ ಪದರ ಕಟ್ಟಿ ನೀರು ಹರಿಯುವ ದಾರಿಯೇ ಕಿರಿದಾಯಿತು. ನೋಡಿದರೆ ಅದೇ ಸ್ಟ್ರುವೈಟ್. ಬಿಸಿನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಗಾರೆ ಕಟ್ಟುವುದನ್ನು ಕಂಡವರಿಗೆ ಇದರ ತಲೆನೋವು ಅರ್ಥವಾಗುತ್ತದೆ. ಎಷ್ಟೋ ವರ್ಷ ಎಂಜಿನಿಯರುಗಳು ಅದನ್ನು ಸುತ್ತಿಗೆಯಿಂದ, ಆಮ್ಲದಿಂದ ಕಿತ್ತು ಬಿಸಾಡಿದರು. ಪೈಪಿನಲ್ಲಿ ಕಟ್ಟುವ ಬದಲು ನಾವು ಹೇಳಿದ ಜಾಗದಲ್ಲಿ ಕಟ್ಟುವಂತೆ ಮಾಡಿದರೆ ಹೇಗೆ ಎಂಬ ಯೋಚನೆ ಬಂದದ್ದು ಆಮೇಲೆ.

ಹರಳು ಕಟ್ಟಿಸುವ ಬಗೆ

ಶುದ್ಧೀಕರಣ ಘಟಕದಲ್ಲಿ ನೀರಿನಿಂದ ಬೇರೆಯಾದ ಕೆಸರನ್ನು ಗಾಳಿಯಾಡದ ದೊಡ್ಡ ತೊಟ್ಟಿಗಳಲ್ಲಿ ಕೊಳೆಯಲು ಬಿಡುತ್ತಾರೆ. ಗೋಬರ್ ಗ್ಯಾಸ್ ಗುಂಡಿಯ ದೊಡ್ಡ ರೂಪ ಎನ್ನಿ. ಆ ಕೆಸರನ್ನು ಹಿಂಡಿದಾಗ ಬರುವ ನೀರಿನಲ್ಲಿ ರಂಜಕವೂ ಅಮೋನಿಯಾವೂ ಹೇರಳ, ಕಡಿಮೆಯಿರುವುದು ಮೆಗ್ನೀಸಿಯಂ ಮಾತ್ರ. ಆ ನೀರನ್ನು ಎತ್ತರದ ಪಾತ್ರೆಯೊಂದಕ್ಕೆ ಹಾಯಿಸಿ, ಮೆಗ್ನೀಸಿಯಂ ಉಪ್ಪನ್ನು ಬೆರೆಸಿ, ನೀರಿನ ಕ್ಷಾರಗುಣವನ್ನು ಸ್ವಲ್ಪ ಹೆಚ್ಚಿಸಿದರೆ ಹರಳು ಕಟ್ಟಲು ಶುರುವಾಗುತ್ತದೆ. ಸಾಬೂದಾನದ ಗಾತ್ರದ ಬಿಳಿ ಕಾಳುಗಳಾಗಿ ತಳಕ್ಕೆ ಇಳಿಯುತ್ತದೆ. ತೊಳೆದು ಒಣಗಿಸಿದರೆ ಗೊಬ್ಬರ ಸಿದ್ಧ. ವಾಸನೆಯೂ ಇಲ್ಲ. ಅಮೆರಿಕದ ಶಿಕಾಗೋ ನಗರದ ದೊಡ್ಡ ಘಟಕದಲ್ಲಿ 2016ರಿಂದ ಇದನ್ನು ಮಾಡಲು ತೊಡಗಿದರು. ಜರ್ಮನಿಯ ಬರ್ಲಿನ್ ನಗರದ ಜಲಮಂಡಳಿಯಂತೂ ಹೂಕುಂಡ, ಕೈತೋಟಗಳವರಿಗೆಂದು ತನ್ನದೇ ಹೆಸರಿನಲ್ಲಿ ಇದನ್ನು ಮಾರಿದೆ.

ಇದರ ಒಂದು ಗುಣ ನಮ್ಮ ಕರಾವಳಿ ಮಲೆನಾಡಿನವರು ಕೇಳಿಸಿಕೊಳ್ಳಬೇಕಾದದ್ದು. ಡಿಎಪಿ ನೀರಿನಲ್ಲಿ ಬೇಗ ಕರಗುತ್ತದೆ. ಹಾಕಿದ ಎರಡು ದಿನದಲ್ಲಿ ಜೋರು ಮಳೆ ಬಂದರೆ ಒಂದಷ್ಟು ತೋಡಿಗೆ ಹೋಗುತ್ತದೆ, ಇನ್ನೊಂದಷ್ಟನ್ನು ನಮ್ಮ ಕೆಂಪು ಮಣ್ಣಿನ ಕಬ್ಬಿಣಾಂಶ ಬಿಗಿಯಾಗಿ ಹಿಡಿದುಬಿಡುತ್ತದೆ. ಸ್ಟ್ರುವೈಟ್ ಬರೀ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಬೇರುಗಳು ಸುತ್ತಲೂ ಒಸರುವ ಹುಳಿ ರಸಕ್ಕೆ ನಿಧಾನವಾಗಿ ಕರಗುತ್ತದೆ, ಹುಳಿ ಮಣ್ಣಿನಲ್ಲಿ ಇನ್ನೂ ಚೆನ್ನಾಗಿ.

ಆದರೆ ಈ ವಿಧಾನದಲ್ಲಿ ಸಿಗುವುದು ಕೊಳಚೆಗೆ ಬಂದ ಒಟ್ಟು ರಂಜಕದ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದು ಹಿಂಡಿದ ಕೆಸರಿನಲ್ಲೇ ನಿಲ್ಲುತ್ತದೆ. ಅದಕ್ಕಾಗಿ ಎರಡನೇ ದಾರಿ: ಕೆಸರನ್ನು ಒಣಗಿಸಿ ಸುಡುವುದು. ಸುಟ್ಟರೆ ಕ್ರಿಮಿಗಳು, ಔಷಧಿಗಳ ಅಂಶ ಎಲ್ಲಾ ನಾಶವಾಗುತ್ತದೆ, ರಂಜಕ ಬೂದಿಯಲ್ಲಿ ಉಳಿಯುತ್ತದೆ. ಆದರೆ ಕೆಸರನ್ನು ಪ್ರತ್ಯೇಕವಾಗಿಯೇ ಸುಡಬೇಕು. ಕಲ್ಲಿದ್ದಲಿನ ಜೊತೆಗೋ ಸಿಮೆಂಟ್ ಗೂಡಿನಲ್ಲೋ ಸುಟ್ಟರೆ ರಂಜಕ ಅದರಲ್ಲಿ ಸೇರಿಹೋಗಿ ಮತ್ತೆ ಕೈಗೆ ಸಿಗುವುದಿಲ್ಲ.

ಇಲ್ಲಿ ಮೂರನೇ ಬಾರಿ ಹ್ಯಾಂಬರ್ಗ್ ಬರುತ್ತದೆ. ಎಲ್ಬೆ ನದಿಯ ದಡದಲ್ಲಿರುವ ಅದರ ಕೊಳಚೆ ಘಟಕದ ಆವರಣದಲ್ಲಿ, ವರ್ಷಕ್ಕೆ ಸುಮಾರು 20,000 ಟನ್ ಬೂದಿಯಿಂದ ಸುಮಾರು 7,000 ಟನ್ ಫಾಸ್ಫಾರಿಕ್ ಆಮ್ಲ ತೆಗೆಯುವ ಲೆಕ್ಕದಲ್ಲಿ ಕಾರ್ಖಾನೆಯೊಂದನ್ನು ಕಟ್ಟಿದ್ದಾರೆ. ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಸೀಸದಂತಹ ಕೆಟ್ಟ ಲೋಹಗಳನ್ನು ಬೇರ್ಪಡಿಸಿ, ಶುದ್ಧ ಆಮ್ಲವನ್ನು ಉಳಿಸಿಕೊಳ್ಳುವ ವಿಧಾನ ಅದು. ಪಣಂಬೂರಿಗೆ ಹಡಗಿನಲ್ಲಿ ಬರುತ್ತದೆ ಎಂದು ಹೇಳಿದೆನಲ್ಲ, ಅದೇ ಆಮ್ಲ. ಜರ್ಮನಿ 2017ರಲ್ಲಿ ತಂದ ನಿಯಮದ ಪ್ರಕಾರ ಒಂದು ಲಕ್ಷಕ್ಕಿಂತ ಹೆಚ್ಚು ಜನರ ಕೊಳಚೆ ಬರುವ ಘಟಕಗಳಿಗೆ 2029ರಿಂದ, ಐವತ್ತು ಸಾವಿರ ದಾಟಿದ ಘಟಕಗಳಿಗೆ 2032ರಿಂದ, ಕೆಸರಿನಲ್ಲಿ ಸಾಕಷ್ಟು ರಂಜಕವಿದ್ದರೆ ಅದನ್ನು ಮರಳಿ ಪಡೆಯುವುದು ಕಡ್ಡಾಯ. ಸ್ವಿಟ್ಜರ್ಲೆಂಡ್ ಅದಕ್ಕೂ ಮೊದಲೇ ಇಂತಹ ನಿಯಮ ತಂದಿತ್ತು.

ಹಾವೇರಿಯನ್ನು ಮರೆಯುವುದು ಹೇಗೆ?

ಇದೆಲ್ಲ ದುಬಾರಿ ಕೆಲಸ. ಗಣಿಯ ಕಲ್ಲಿನಿಂದ ಮಾಡಿದ ಗೊಬ್ಬರಕ್ಕಿಂತ ಕೊಳಚೆಯಿಂದ ತೆಗೆದ ರಂಜಕಕ್ಕೆ ಖರ್ಚು ಹೆಚ್ಚು. ಹಾಗಾದರೆ ಏಕೆ ಮಾಡಬೇಕು? ಇದಕ್ಕೆ ಉತ್ತರ ಜರ್ಮನಿಯಲ್ಲಿ ಹುಡುಕಬೇಕಾಗಿಲ್ಲ, ನಮ್ಮ ಹಾವೇರಿಯಲ್ಲೇ ಇದೆ.

2007ರಲ್ಲಿ ಟನ್ನಿಗೆ ಸುಮಾರು 50 ಡಾಲರ್ ಇದ್ದ ಶಿಲಾರಂಜಕದ ಬೆಲೆ 2008ರಲ್ಲಿ 400 ಡಾಲರನ್ನು ದಾಟಿತು. ಚೀನಾ ತನ್ನ ರಫ್ತಿನ ಮೇಲೆ ಶೇಕಡಾ 135 ಸುಂಕ ಹೇರಿತು. ಅದೇ ವರ್ಷ ಮುಂಗಾರಿನ ಬಿತ್ತನೆಯ ಹೊತ್ತಿಗೆ ನಮ್ಮಲ್ಲಿ ಡಿಎಪಿಗೆ ಹಾಹಾಕಾರವೆದ್ದಿತು. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ದಾಸ್ತಾನು, ಹಂಚಿಕೆಯ ತಪ್ಪುಗಳು ಇಲ್ಲಿಯವೇ ಇದ್ದವು, ಎಲ್ಲವನ್ನೂ ಹೊರದೇಶದ ಮೇಲೆ ಹಾಕಲಾಗದು. ಆದರೂ ನಮ್ಮ ಹೊಲಕ್ಕೆ ಬೇಕಾದ ವಸ್ತು ಬೇರೆಯವರ ಕೈಯಲ್ಲಿದ್ದು, ಅವರು ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದಕ್ಕೆ ಆ ಎರಡು ಮನೆಗಳ ಹೆಂಗಸರು, ಮಕ್ಕಳು ಸಾಕ್ಷಿ. 2021ರಲ್ಲಿ ಬೆಲೆ ಮತ್ತೆ ಏರಿದಾಗ ರೈತನಿಗೆ ಚೀಲ 1,200 ರೂಪಾಯಿಗೆ ಸಿಗಲೆಂದು ಕೇಂದ್ರ ಸರಕಾರ ಪ್ರತಿ ಚೀಲಕ್ಕೆ 500 ರೂಪಾಯಿ ಇದ್ದ ಸಬ್ಸಿಡಿಯನ್ನು 1,200ಕ್ಕೆ ಏರಿಸಬೇಕಾಯಿತು. ಆ ಹಣ ನಿಮ್ಮದೇ, ನನ್ನದೇ. ಹಾಗಾಗಿ ಕೊಳಚೆಯ ರಂಜಕ ದುಬಾರಿ ಎನ್ನುವವರು ಈ ಲೆಕ್ಕವನ್ನೂ ಜೊತೆಗೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಹಿಡಿಯದೆ ಬಿಟ್ಟ ರಂಜಕ ಸುಮ್ಮನೆ ಕೂರುವುದಿಲ್ಲ. ಹೊಲದಲ್ಲಿ ಬೆಳೆಗೆ ಗೊಬ್ಬರವಾಗಬೇಕಾದದ್ದು ಕೆರೆಯಲ್ಲಿ ಅಂತರಗಂಗೆಗೆ ಗೊಬ್ಬರವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಆಳೆತ್ತರದ ನೊರೆ ರಸ್ತೆಗೆ ಹಾರಿದ್ದನ್ನು, 2015ರಲ್ಲಿ ಮತ್ತು 2017ರಲ್ಲಿ ನೀರಿನ ಮೇಲೆಯೇ ಬೆಂಕಿ ಹತ್ತಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಸಂಸ್ಕರಿಸದ ಕೊಳಚೆ, ಬಟ್ಟೆ ಒಗೆಯುವ ಸೋಪಿನ ಪುಡಿ, ಕಸ, ಕಳೆ ಎಲ್ಲಾ ಸೇರಿ ಆದ ಅವಾಂತರ ಅದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ ನಡೆದಿದೆ. ಬತ್ತಿದ ಬಾವಿಗಳ ಊರಿಗೆ ನೀರು ಬಂದದ್ದು ಸಣ್ಣ ಮಾತಲ್ಲ. ಆದರೆ ನೀರಿನೊಂದಿಗೆ ಹೋಗುವ ರಂಜಕವನ್ನು ಬೆಂಗಳೂರಿನಲ್ಲೇ ಹಿಡಿದು ಗೊಬ್ಬರವಾಗಿ ಕೊಟ್ಟರೆ ಅಲ್ಲಿನ ಕೆರೆಗೂ ಒಳ್ಳೆಯದು, ರೈತನಿಗೂ ಒಳ್ಳೆಯದು.

ದೇವನಹಳ್ಳಿಯ ಸರಳ ದಾರಿ

ಬೂದಿ, ಆಮ್ಲ, ಹರಳು ಎಲ್ಲ ದೊಡ್ಡ ನಗರಗಳ ಮಾತು. ಒಳಚರಂಡಿಯೇ ಇಲ್ಲದ ಸಣ್ಣ ಊರುಗಳಲ್ಲಿ ಏನು ಮಾಡುವುದು? ನಮ್ಮ ಹೆಚ್ಚಿನ ಮನೆಗಳಲ್ಲಿರುವುದು ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್. ತುಂಬಿದಾಗ ಲಾರಿ ಕರೆಸುತ್ತೇವೆ, ಅದು ಹೀರಿಕೊಂಡು ಹೋಗುತ್ತದೆ. ಎಲ್ಲಿಗೆ ಎಂದು ಕೇಳುವುದಿಲ್ಲ!

ಟಿಪ್ಪು ಸುಲ್ತಾನರ ಹುಟ್ಟೂರಾದ, ದ್ರಾಕ್ಷಿ ಮತ್ತು ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕೆಂದೇ ಘಟಕವೊಂದು ಶುರುವಾಯಿತು. ಇಡೀ ಪಟ್ಟಣದ ಗುಂಡಿಗಳ ಕೆಸರಿಗೆ ಮೀಸಲಾದ ಘಟಕ ಭಾರತದಲ್ಲಿ ಅದೇ ಮೊದಲು ಎನ್ನುತ್ತಾರೆ. ಲಾರಿಗಳು ತಂದ ಕೆಸರನ್ನು ಅಲ್ಲಿ ಕೊಳೆಯಿಸಿ, ಒಣಗಿಸಿ, ಊರಿನ ಹಸಿ ಕಸದೊಂದಿಗೆ ಬೆರೆಸಿ ಕಾಂಪೋಸ್ಟ್ ಮಾಡುತ್ತಾರೆ. ಕಾಂಪೋಸ್ಟ್ ರಾಶಿಯ ಬಿಸಿಗೆ ಹುಳುಗಳ ಮೊಟ್ಟೆಗಳು ಸಾಯುತ್ತವೆ. ಗೊಬ್ಬರ ರೈತರಿಗೆ ಹೋಗುತ್ತದೆ. ರಂಜಕವನ್ನು ಬೇರೆ ಮಾಡುವ ಗೋಜಿಲ್ಲ, ಅದು ಗೊಬ್ಬರದೊಳಗೇ ಹೊಲಕ್ಕೆ ಮರಳುತ್ತದೆ.

ಇದರ ಬದಲು ಲಾರಿಯವರಿಂದ ಹಸಿ ಕೆಸರನ್ನೇ ನೇರವಾಗಿ ತೋಟಕ್ಕೆ ಸುರಿಸಿಕೊಳ್ಳುವುದು ಬೆಂಗಳೂರಿನ ಸುತ್ತಮುತ್ತ ಬಹಳ ಕಾಲದಿಂದ ನಡೆದು ಬಂದಿದೆ. ಬೆಳೆ ಚೆನ್ನಾಗಿಯೇ ಬರುತ್ತದೆ. ಆದರೆ ಆ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತು ಕಳೆ ಕೀಳುವವರು ಯಾರು? ಹೆಂಗಸರು. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಅಂಥವರಲ್ಲಿ ರಕ್ತಹೀನತೆ, ಬಸುರಿಯಾಗಿದ್ದರೆ ಇನ್ನೂ ಕಷ್ಟ. ಹಾಗೆಯೇ ಗುಂಡಿಗೆ ಮನುಷ್ಯನನ್ನು ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಕಡಿಮೆ ದುಡ್ಡಿಗೆ ಆಳು ಸಿಗುತ್ತಾನೆಂದು ನಿಮ್ಮ ಮನೆಯವರು ಹೇಳಿದರೆ ಬೇಡವೆನ್ನಿ. ಲಾರಿಯನ್ನೇ ಕರೆಸಿ.

ನಜಸ್ ಅಲ್ಲವೇ?

ಈ ವಿಷಯವನ್ನು ತರಗತಿಯಲ್ಲಿ ಎತ್ತಿದಾಗ ಹೆಣ್ಣುಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ. ಕೇಳಬೇಕಾದ ಪ್ರಶ್ನೆಯೂ ಹೌದು. ತಹಾರತಿನ ಅಧ್ಯಾಯ ಓದಿದವರಿಗೆ ಮಲಮೂತ್ರ ನಜಸ್ ಎಂಬುದರಲ್ಲಿ ಸಂಶಯವಿಲ್ಲ. ಹಾಗಾದರೆ ಅದರಿಂದ ಬಂದ ಗೊಬ್ಬರದಲ್ಲಿ ಬೆಳೆದ ಟೊಮೆಟೊ?

ಬೆಳೆಯ ವಿಷಯದಲ್ಲಿ ಹೆಚ್ಚಿನ ಫಕೀಹರ ನಿಲುವು ಸ್ಪಷ್ಟವಿದೆ: ಅಂತಹ ಗೊಬ್ಬರದಲ್ಲಿ ಬೆಳೆದ ಕಾಳು, ಹಣ್ಣು, ತರಕಾರಿ ತಿನ್ನಬಹುದು. ಮೇಲೆ ಹೊಲಸು ಅಂಟಿದ್ದರೆ ತೊಳೆಯಬೇಕು ಅಷ್ಟೇ. ಹಂಬಲಿ ಮದ್‌ಹಬ್‌ನಲ್ಲಿ ಇದಕ್ಕಿಂತ ಬಿಗಿಯಾದ ಅಭಿಪ್ರಾಯವಿದೆ, ಅಲ್ಲಿಯೂ ಆಮೇಲೆ ಶುದ್ಧ ನೀರು ಉಣಿಸಿದರೆ ಅಡ್ಡಿಯಿಲ್ಲ ಎನ್ನುತ್ತಾರೆ. ಗೊಬ್ಬರದ ಕಾಳು ಸ್ವತಃ ಶುದ್ಧವೋ ಎಂಬುದು ಬೇರೆ ಪ್ರಶ್ನೆ. ವಸ್ತುವೊಂದು ಸಂಪೂರ್ಣ ಬದಲಾಗಿ ಬೇರೆಯೇ ವಸ್ತುವಾಗುವುದಕ್ಕೆ ಇಸ್ತಿಹಾಲಾ ಎನ್ನುತ್ತಾರೆ. ಮದ್ಯ ತಾನಾಗಿ ವಿನೆಗರ್ ಆದರೆ ಅದು ಶುದ್ಧ ಎಂಬುದು ಎಲ್ಲರೂ ಒಪ್ಪಿದ ಉದಾಹರಣೆ. ಹನಫಿಗಳು ಇದನ್ನು ವಿಶಾಲವಾಗಿ ಅನ್ವಯಿಸುತ್ತಾರೆ, ಹೊಲಸು ಸುಟ್ಟು ಬೂದಿಯಾದರೆ ಆ ಬೂದಿ ಶುದ್ಧವೆನ್ನುತ್ತಾರೆ. ನಮ್ಮ ಕರಾವಳಿಯ ಶಾಫಿಈ ಮದ್‌ಹಬ್ ಬಹಳ ಕಡಿಮೆ ಸಂದರ್ಭಗಳಲ್ಲಿ ಮಾತ್ರ ಒಪ್ಪುತ್ತದೆ. ಆದ್ದರಿಂದ ಶಾಫಿಈ ಮನೆಗಳಲ್ಲಿ ಇಂತಹ ಗೊಬ್ಬರ ಒದ್ದೆ ಕೈಗೆ ಹತ್ತಿದರೆ ತೊಳೆದುಕೊಂಡೇ ನಮಾಝಿಗೆ ನಿಲ್ಲುವುದು ಎಚ್ಚರಿಕೆಯ ದಾರಿ. ಸಂಸ್ಕರಿಸಿದ ನೀರಿನ ಬಗ್ಗೆ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ತೀರ್ಮಾನ ಕೊಟ್ಟಿದೆ. ಬಣ್ಣ, ರುಚಿ, ವಾಸನೆಯಲ್ಲಿ ಹೊಲಸಿನ ಗುರುತು ಉಳಿಯದಂತೆ ಶುದ್ಧವಾದ ನೀರು ಶುದ್ಧವೇ ಎಂದು. ಹೆಚ್ಚಿನ ವಿವರ ಬೇಕಾದವರು ತಮ್ಮ ಊರಿನ ಆಲಿಮರನ್ನು ಕೇಳಬಹುದು.

ನಮ್ಮ ಕೈಯಲ್ಲಿರುವುದು

ಕಾರ್ಖಾನೆ ಕಟ್ಟುವುದು ಸರಕಾರದ, ನಗರಪಾಲಿಕೆಯ ಕೆಲಸ. ಆದರೆ ಕೊಳಚೆಗೆ ಏನು ಸೇರುತ್ತದೆ ಎಂಬುದು ಮನೆಯಲ್ಲೇ ತೀರ್ಮಾನವಾಗುತ್ತದೆ. ಅವಧಿ ಮೀರಿದ ಮಾತ್ರೆ, ಸಿರಪ್, ಉಳಿದ ಪೇಂಟು, ಒಡೆದ ಥರ್ಮಾಮೀಟರಿನ ಪಾದರಸ ಶೌಚಾಲಯಕ್ಕೆ ಹೋದರೆ ಆ ಕೆಸರು ಗೊಬ್ಬರಕ್ಕೆ ಯೋಗ್ಯವಾಗುವುದಿಲ್ಲ. ಸೋಪಿನ ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಫಾಸ್ಫೇಟ್ ಇಲ್ಲ ಎಂದು ಬರೆದದ್ದು ಸಿಕ್ಕರೆ ಅದನ್ನು ಕೊಳ್ಳಿ. ಯುರೋಪಿನಲ್ಲಿ 2013ರಿಂದಲೇ ಮನೆಬಳಕೆಯ ಬಟ್ಟೆ ಸೋಪಿನ ಪುಡಿಗೆ ಮಿತಿ ಹಾಕಿದ್ದಾರೆ, ಅಲ್ಲಿಯ ಬಟ್ಟೆಗಳೇನೂ ಕೊಳಕಾಗಿ ಉಳಿದಿಲ್ಲ.

ಮೀನು ತೊಳೆದ ನೀರನ್ನು ಬಸಳೆಯ ಬುಡಕ್ಕೆ ಹೊಯ್ಯುವ ನಮ್ಮ ಅಜ್ಜಿಯಂದಿರಿಗೆ ರಂಜಕದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಮೀನಿನ ತಲೆ, ಮುಳ್ಳು, ಮಾಂಸದ ಮೂಳೆ ಇವೆಲ್ಲ ರಂಜಕದ ಗಣಿಗಳೇ. ಬಕ್ರೀದಿನ ಮಾರನೆಯ ದಿನ ನಮ್ಮ ಮೊಹಲ್ಲಾಗಳ ಕಸದ ತೊಟ್ಟಿಯಲ್ಲಿ ಬಿದ್ದಿರುವ ಮೂಳೆಗಳನ್ನು ನೋಡಿದರೆ ನನಗೆ ತೆಂಗಿನ ತೋಟಗಳೇ ನೆನಪಾಗುತ್ತವೆ. ಅಂಗಳದಲ್ಲಿ ಒಂದು ತೆಂಗೋ ನಿಂಬೆಯೋ ಇದ್ದವರು ಮೂಳೆಗಳನ್ನು ಬೇಯಿಸಿ, ಒಣಗಿಸಿ, ಕಲ್ಲಿನಿಂದ ಜಜ್ಜಿ ಬುಡದಿಂದ ಸ್ವಲ್ಪ ದೂರದಲ್ಲಿ ಹೂಳಬಹುದು. ಗುಂಡಿ ಎರಡು ಅಡಿಯಾದರೂ ಆಳವಿರಲಿ, ಇಲ್ಲದಿದ್ದರೆ ರಾತ್ರಿ ನಾಯಿಗಳು ಕೆದಕುತ್ತವೆ.